ಗೋಡೆಯಿಲ್ಲದ ಅಗಸಿ

ಅಕ್ಕನ ಮೊಮ್ಮಗಳು ಬಿ.ಎ. ಓದುತ್ತಿದ್ದಾಗ ಒಂದು ದಿನ ಮೊಬೈಲಿನಲ್ಲಿ ಜಪಾನ್ ದೇಶದ ಒಂದು ಸಣ್ಣ ಕೋಟೆ ಊರನ್ನು ನಮಗೆ ತೋರಿಸಿದಳು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಗಂಡಂದಿರು ಹೋಗಿ ಬಹಳ ವರ್ಷವಾಗಿತ್ತು. ಅಕ್ಕನ ಮಗ, ಅವನ ಹೆಂಡತಿ, ಈ ಹುಡುಗಿ ಒಳಗೆ ಇರುತ್ತಿದ್ದರು. ನಾವಿಬ್ಬರೂ ಪಡಸಾಲೆಯಲ್ಲಿ, ಒಬ್ಬರ ಕೆಮ್ಮು ಒಬ್ಬರು ಕೇಳುತ್ತ ಬಿದ್ದಿದ್ದೆವು. ನಮ್ಮಲ್ಲಿ ಪ್ರೀತಿ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಪ್ಪಿನಕಾಯಿ ಭರಣಿಗಾಗಿ ಒಂದು ವರ್ಷ ಮಾತು ಬಿಟ್ಟವರು ನಾವು.

ಚಿತ್ರದಲ್ಲಿ ಗುಡ್ಡದ ಮೇಲೆ ಬಿಳಿ ಗೋಡೆಯ ಕೋಟೆ. ಅದರ ಚಾವಣಿಗಳು ಒಂದರ ಮೇಲೊಂದು, ಬುಟ್ಟಿ ಬೋರಲು ಹಾಕಿದಂತೆ. ಸುತ್ತ ನೀರು ತುಂಬಿದ ಕಂದಕ, ಕಂದಕದಾಚೆ ಊರು. ಹುಡುಗಿ ಇಂಗ್ಲಿಷಿನಲ್ಲಿ ಓದಿ ನಮ್ಮ ಮಾತಿನಲ್ಲಿ ಹೇಳಿದಳು.

"ದೊರಿ ನಡೂಕ ಇರತಿದ್ದ. ಅವನ ಮಗ್ಗಲಕ ಕತ್ತಿ ಹಿಡಿಯೋರು. ಅವರಾಚೆ ಅಂಗಡಿಯವರು, ಬಡಿಗೇರು. ಓಣಿ ಬೇಕಂತನೇ ಸೊಟ್ಟ ಮಾಡ್ಯಾರ, ವೈರಿ ಸೀದಾ ನುಗ್ಗಬಾರದಂತ. ತೊಗಲು ಹದಾ ಮಾಡೋರು ಎಲ್ಲಾರಕಿಂತ ಹೊರಗ, ಹೊಳಿ ಕಡೆ."

"ಇದನ್ನ ನೋಡಾಕ ಜಪಾನ್ ತನಾ ಯಾಕ ಹೋಗಬೇಕು, ನಮ್ಮ ಹಳೇ ಊರೇ ಐತಲ್ಲ" ಎಂದೆ.

ಅಕ್ಕ ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದಳು. "ಹಿಂದಿನ ಬಾಗಲಾ ಎಲ್ಲಿ ಐತಿ?"

"ಐತಿ ಆಯಿ. ಎಲ್ಲಾ ಕೋಟಿಗೂ ಮುಂದೊಂದು ದೊಡ್ಡದು, ಹಿಂದೊಂದು ಸಣ್ಣದು ಇರತಾವಂತ. ಹೆಸರೂ ಬ್ಯಾರೆ ಬ್ಯಾರೆ."

"ಹಿಂದಿನದರಾಗ ಯಾರನ್ನ ಹಾಯಿಸ್ತಿದ್ದರಂತ?"

"ಅದನ್ನ ಬರದಿಲ್ಲ."

"ಬರಿಯೂದಿಲ್ಲ ಬಿಡು" ಎಂದು ಅಕ್ಕ ಮೊಬೈಲನ್ನು ಹುಡುಗಿಯ ಕೈಗೆ ತುರುಕಿದಳು.

ನಮ್ಮ ಹಳೆಯ ಊರು ಕೃಷ್ಣಾ ಹೊಳೆಯ ದಂಡೆಯಲ್ಲಿತ್ತು, ತಂಗಡಗಿಗೆ ಹೋಗುವ ಕಡೆ. ಈಗ ನೀರಿನಲ್ಲಿದೆ. ದಿನ್ನೆಯ ನೆತ್ತಿಯ ಮೇಲೆ ದೇಸಾಯರ ವಾಡೆ, ಅದರ ಮಗ್ಗುಲಲ್ಲಿ ಹುಡೇವು, ಅಂದರೆ ಕಲ್ಲು ಮಣ್ಣಿನ ಗುಂಡನೆಯ ಕಾವಲು ಬುರುಜು. ವಾಡೆಗೆ ಅಂಟಿಕೊಂಡು ಕುಲಕರ್ಣಿ, ಪೂಜಾರಿಗಳ ಮನೆ. ಕೆಳಗೆ ಒಕ್ಕಲಿಗರು, ಇನ್ನೂ ಕೆಳಗೆ ಗಾಣದವರು, ಕುರಿಯವರು, ನೇಕಾರರು. ಓಣಿಗಳು ಹಾವಿನಂತೆ ಹರಿದಿದ್ದವು. ಎರಡು ಚಕ್ಕಡಿ ಎದುರಾದರೆ ಒಂದು ಹಿಂದೆ ಸರಿಯಬೇಕು, ಯಾರದು ಸರಿಯಬೇಕು ಅನ್ನುವುದು ಯಾರ ಚಕ್ಕಡಿ ಅನ್ನುವುದರ ಮೇಲೆ. ಸುತ್ತ ಕೋಟೆ ಗೋಡೆ, ಹೂಳು ತುಂಬಿದ ಕಂದಕ. ಕಂದಕದಾಚೆ ಕೇರಿ. ಕೇರಿಯವರು ಈಗ ಬೌದ್ಧರಾಗಿದ್ದಾರೆ, ಅಂದು ಬರೇ ಹೊರಗಿನವರಾಗಿದ್ದರು.

ಈ ಕೋಟೆ ಬಾದಶಹನ ಕಾಲದ್ದು ಅನ್ನುತ್ತಿದ್ದರು. ಯುದ್ಧ ನಡೆದದ್ದನ್ನು ಯಾರೂ ಹೇಳಲಿಲ್ಲ. ಹುಡೇವಿನ ಮೇಲೆ ತೋಪು ಏರಿಸಲು ಹೋಗಿ ಅದು ಉರುಳಿ ಕೆಳಗೆ ಬಿದ್ದು ಅರ್ಧ ಹೂತಿತ್ತು. ನಾನು ಸೊಸೆಯಾಗಿ ಬಂದಾಗ ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಹೊರಗಿನವರನ್ನು ಆ ಗೋಡೆ ತಡೆದದ್ದು ನಾನು ಕಾಣೆ, ಕೇಳೆ. ಒಳಗಿನವರನ್ನು ವಿಂಗಡಿಸುವುದು ಮಾತ್ರ ಅದು ಒಂದು ದಿನವೂ ಬಿಡಲಿಲ್ಲ.

ಕೋಟೆಗೆ ಎರಡು ಬಾಗಿಲು. ಮೂಡಣಕ್ಕೆ ಅಗಸಿ. ಆನೆ ಹಾಯುವಷ್ಟು ಎತ್ತರ, ಮೇಲೆ ಹಣಮಪ್ಪನ ಕಲ್ಲು. ಹೊಳೆಯ ಕಡೆಗೆ ದಿಡ್ಡಿ ಬಾಗಿಲು. ಸೊಂಟ ಬಗ್ಗಿಸಿ ಹಾಯಬೇಕು. ಹೊರಗೆ ಕಾಲಿಟ್ಟರೆ ಊರ ಗಟಾರು, ಹೆಂಗಸರು ಬಯಲಿಗೆ ಕೂರುವ ಜಾಗ, ಜಾಲಿ ಮುಳ್ಳು. ಎರಡು ನೇಮವಿದ್ದವು. ಒಂದು, ಊರ ಹೊರಗೆ ಸತ್ತವರ ಹೆಣ ಅಗಸಿಯೊಳಗೆ ಬರುವಂತಿಲ್ಲ, ಹೊರಗಿನಿಂದಲೇ ಹೂಳುವ ಹೊಲಕ್ಕೆ ಹೋಗಬೇಕು. ಇದು ಪ್ಲೇಗಿನ ಕಾಲದ್ದಂತೆ. ಇನ್ನೊಂದು ಉಡಿಕೆಯದು. ಗಂಡ ಸತ್ತವಳಿಗೆ ಮತ್ತೊಬ್ಬ ಸೀರೆ ಉಡಿಸಿ ಕರೆದು ತರುವುದಕ್ಕೆ ನಮ್ಮಲ್ಲಿ ಉಡಿಕೆ ಅನ್ನುತ್ತಾರೆ. ಉಡಿಕೆಯವಳು ಊರಿಗೆ ಮೊದಲು ಬರುವಾಗ ದಿಡ್ಡಿಯಿಂದ ಬರಬೇಕು, ಸತ್ತು ಹೋಗುವಾಗ ದಿಡ್ಡಿಯಿಂದ ಹೋಗಬೇಕು. ನಡುವೆ ಸಂತೆಗೆ ಹೋಗಲಿ, ಕಳೆ ತೆಗೆಯಲು ಹೋಗಲಿ, ಯಾವ ಬಾಗಿಲಾದರೂ ಯಾರೂ ಕೇಳುವುದಿಲ್ಲ. ಮೊದಲ ಬರವು, ಕಡೆಯ ಹೋಕು, ಎರಡನ್ನೇ ನೋಡುತ್ತಿದ್ದರು. ಎರಡನೆಯ ಸೀರೆ ಉಟ್ಟವಳು ಹಣಮಪ್ಪನ ಕೆಳಗೆ ಹಾಯಬಾರದಂತೆ. ಎರಡನೆಯ ಧೋತರ ಉಟ್ಟ ಗಂಡಸು ಹಾಯಬಹುದು. ನನ್ನ ಭಾವ, ಅಕ್ಕನ ಗಂಡ, ಮೊದಲ ಹೆಂಡತಿ ಸತ್ತ ಮೇಲೆ ಇವಳನ್ನು ತಂದವನು, ಸತ್ತಾಗ ಗುಲಾಲು ಹಾರಿಸಿ ಹಲಗೆ ಬಡಿಸಿ ಅಗಸಿಯಿಂದಲೇ ಒಯ್ದರು. ಹಣಮಪ್ಪ ಏನೂ ಅನ್ನಲಿಲ್ಲ.

ಅಕ್ಕ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಆಗಲೇ ಕಿರಿ ಸೊಸೆಯಾಗಿ, ಅಗಸಿಯಿಂದಲೇ, ಬಾಜಾ ಬಜಂತ್ರಿಯೊಂದಿಗೆ ಬಂದು ವರ್ಷವಾಗಿತ್ತು. ಮುತ್ತೈದೆಯರು ಉಡಿಕೆಯವಳ ಬರವು ನೋಡಬಾರದು ಎಂದು ಅತ್ತೆ ನನ್ನನ್ನು ಒಳಗೆ ಹಾಕಿದ್ದಳು. ನಾನು ಮಾಳಿಗೆ ಹತ್ತಿ ಬೆಳಕಿಂಡಿಯ ಮಗ್ಗುಲಲ್ಲಿ ಕುಳಿತು ನೋಡಿದೆ. ಕತ್ತಲಾಗಿತ್ತು. ಭಾವ ಮುಂದೆ, ಆಕೆ ಹಿಂದೆ. ದಿಡ್ಡಿಯಲ್ಲಿ ಬಗ್ಗುವಾಗ ತಲೆ ಬಡಿದಿರಬೇಕು, ಸೆರಗು ಹಣೆಗೆ ಒತ್ತಿಕೊಂಡಿದ್ದಳು. ಕಾಲು ಗಟಾರಿನಲ್ಲಿ ಹೋಗಿತ್ತು. ಅತ್ತೆ ಕಾಲಿಗೆ ನೀರು ಹಾಕುವ ಮೊದಲೇ ಮೂಗು ಮುಚ್ಚಿಕೊಂಡು, "ಎಲ್ಲಿ ತುಳದು ಬಂದ್ಯವ್ವಾ, ದಾರಿ ಕಾಣಲಿಲ್ಲೇನು" ಎಂದಳು. ಆ ದಾರಿಯಲ್ಲೇ ಬಾ ಅಂದವಳು ಅವಳೇ.

ನನಗಿಂತ ಹಿಂದೆ ಬಂದು ನನಗೇ ಹಿರಿಯಳಾದಳು. ಅದನ್ನು ನಾನು ನುಂಗಲಿಲ್ಲ. ಜಗಳ ಬಂದಾಗಲೆಲ್ಲ "ದಿಡ್ಡ್ಯಾಗಿಂದ ಬಂದಾಕಿ" ಎಂದಿದ್ದೇನೆ. ಆಕೆ ನನ್ನ ತವರಿನ ಬಡತನ ತೆಗೆಯುತ್ತಿದ್ದಳು. ಸಮಸಮ.

ಹೊಳೆಗೆ ಅಣೆಕಟ್ಟು ಬಿದ್ದು ಊರು ಮುಳುಗುತ್ತದೆ ಎಂದಾಗ ಎಲ್ಲರೂ ಅತ್ತರು. ಅಕ್ಕ ಅಳಲಿಲ್ಲ. ಸಾಮಾನು ಟ್ರ್ಯಾಕ್ಟರಿಗೆ ಹೇರುವಾಗ ನನಗೆ, "ಬೀಸೂ ಕಲ್ಲು ನೀ ಹಿಡಕೋ, ಒಳ್ಳಕಲ್ಲು ನಾ ಹಿಡಕೋತೇನಿ" ಅಂದಳು, ಅಷ್ಟೇ. ಹೊಸ ಊರನ್ನು ಎರೆ ಭೂಮಿಯ ಬಯಲಿನಲ್ಲಿ ಹಾಕಿದ್ದರು. ರಸ್ತೆಗಳು ಪಟ್ಟಿ ಹಿಡಿದು ಗೆರೆ ಎಳೆದಂತೆ ಸೀದಾ. ಗೋಡೆ ಇಲ್ಲ, ಕಂದಕ ಇಲ್ಲ, ಅಗಸಿ ಇಲ್ಲ, ದಿಡ್ಡಿ ಇಲ್ಲ. ಮನೆ ಜಾಗಕ್ಕೆ ಚೀಟಿ ಎತ್ತಿದ್ದರು, ಹಾಗಾಗಿ ಪೂಜಾರಿಯ ಮಗ್ಗುಲಿಗೆ ಗಾಣದವನು, ದೇಸಾಯರ ತಮ್ಮನ ಎದುರಿಗೆ ಕೇರಿಯವನು ಬಂದಿದ್ದರು. ಅದು ಬಹಳ ದಿನ ನಡೆಯಲಿಲ್ಲ. ನೀ ಇಲ್ಲಿ ಬಾ, ನಾ ಅಲ್ಲಿ ಹೋಗತೇನಿ ಎಂದು ಅದಲು ಬದಲು ಮಾಡಿಕೊಂಡು ಒಂದೆರಡು ಸುಗ್ಗಿ ಕಳೆಯುವಷ್ಟರಲ್ಲಿ ಹಳೆಯ ಊರು ಹಾಗೇ ಎದ್ದು ಕುಳಿತಿತ್ತು. ದಿನ್ನೆ ಇರಲಿಲ್ಲ, ಆದರೂ ಯಾರು ಮೇಲೆ ಯಾರು ಕೆಳಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಅಗಸಿ ಬಂತು. ಬೇಸಗೆಯಲ್ಲಿ ಹೊಳೆಯ ನೀರು ಹಿಂದೆ ಸರಿದಾಗ ಹಳೆಯ ಊರಿನ ಕಲ್ಲುಗಳು ಹೊರಗೆ ಕಾಣುತ್ತವೆ. ಹಿರಿಯರು ಸೇರಿ, ಅಗಸಿ ಇಲ್ಲದ್ದು ಊರಲ್ಲ, ಕಲ್ಲು ತಂದು ಇಲ್ಲಿ ನಿಲ್ಲಿಸೋಣ ಎಂದರು. ಟ್ರ್ಯಾಕ್ಟರ್ ಹೊಡೆದುಕೊಂಡು ಮುಂದೆ ನಿಂತವನು ಅಕ್ಕನ ಮಗನೇ. ಅಗಸಿಯ ಕಲ್ಲುಗಳನ್ನು ಒಂದೊಂದಾಗಿ ಕೆಸರಿನಿಂದ ಕಿತ್ತು ತಂದರು, ಹಣಮಪ್ಪನನ್ನೂ ತಂದರು. ದಿಡ್ಡಿಯ ಕಲ್ಲುಗಳನ್ನು ಅಲ್ಲೇ ಬಿಟ್ಟರು. ಊರಿಗೆ ಬರುವ ಡಾಂಬರು ರಸ್ತೆಯ ಮೇಲೆ ಅಗಸಿ ಎದ್ದಿತು. ಅದರ ಎಡಕ್ಕೂ ಗೋಡೆಯಿಲ್ಲ, ಬಲಕ್ಕೂ ಗೋಡೆಯಿಲ್ಲ. ಬಯಲಿನಲ್ಲಿ ಒಂಟಿಯಾಗಿ ಒಂದು ಬಾಗಿಲು. ಹಳೆಯ ಅಳತೆಯಲ್ಲಿ ಕಟ್ಟಲು ಕಲ್ಲು ಸಾಲದೆ ತಗ್ಗಾಗಿ ಕಟ್ಟಿದ್ದರಿಂದ ಬಸ್ಸು ಹಾಯುವುದಿಲ್ಲ, ಹೊರಗೇ ನಿಲ್ಲುತ್ತದೆ. ಕಬ್ಬಿನ ಟ್ರ್ಯಾಕ್ಟರು ಮಗ್ಗುಲಿನ ತಗ್ಗಿನಲ್ಲಿ ಇಳಿದು ಸುತ್ತಿ ಬರುತ್ತದೆ. ಅಗಸಿಯ ಪೂಜೆಗೆ ಹಲಗೆ ಬಡಿಯಲು ಬನ್ನಿ ಎಂದು ಕರೆಯಲು ಹೋದಾಗ ಕೇರಿಯ ಒಬ್ಬ ಮಾಸ್ತರ, "ನಿಮ್ಮ ಅಗಸಿ ನಿಮಗ ಇರಲಿರಿ, ನಮಗ ಡಾಂಬರ್ ರೋಡ್ ಸಾಕು" ಎಂದು ಕಳಿಸಿದನಂತೆ. ಅದು ಜಾಣತನದ ಮಾತು. ನಮ್ಮವರಿಗೆ ಅದು ಸೊಕ್ಕಾಗಿ ಕಂಡಿತು.

ಗಾಣದವರ ಮನೆಯ ಒಬ್ಬ ಉಡಿಕೆಯ ಮುದುಕಿ ಸತ್ತಾಗ ಪ್ರಶ್ನೆ ಬಂತು. ದಿಡ್ಡಿ ಇಲ್ಲವಲ್ಲ, ಎಲ್ಲಿಂದ ಒಯ್ಯುವುದು? ಹಿರಿಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡಿದರು. ಅಗಸಿಯ ಮಗ್ಗುಲಿನಿಂದ ಸುತ್ತಿ ಒಯ್ಯಿರಿ. ಹಾಗೇ ಒಯ್ದರು. ನಮ್ಮಲ್ಲಿ ಹೆಣವನ್ನು ಬಿದಿರು ಕಟ್ಟಿದ ವಿಮಾನದಲ್ಲಿ ಕೂಡಿಸಿ ಹೊತ್ತು ಒಯ್ಯುತ್ತಾರೆ. ತಗ್ಗಿನಲ್ಲಿ ಇಳಿಯುವಾಗ ವಿಮಾನ ವಾಲಿ ಮುದುಕಿಯ ಕುತ್ತಿಗೆ ಒಂದು ಕಡೆ ಜೋತು ಬಿದ್ದಿತು. ಹೊತ್ತವರಲ್ಲಿ ಒಬ್ಬ ನಕ್ಕ. ಅಂದಿನಿಂದ ಆ ದಾರಿಯಲ್ಲಿ ಹಾಯುವವರು ಮೂವರು, ಕಬ್ಬಿನ ಟ್ರ್ಯಾಕ್ಟರು, ಎಮ್ಮೆ, ಉಡಿಕೆಯವಳ ಹೆಣ.

ಜಪಾನಿನ ಕೋಟೆ ನೋಡಿದ ಮರುದಿನ ಇಬ್ಬರೂ ತೊಗರಿ ಹಸನು ಮಾಡುತ್ತ ಕುಳಿತಿದ್ದಾಗ ಅಕ್ಕ ಮೊರದಿಂದ ಕಣ್ಣು ಎತ್ತದೆ ಹೇಳಿದಳು.

"ನಾ ಸತ್ತರ ಅಗಸ್ಯಾಗ ಹಾಯಿಸಿ ಒಯ್ಯಾಕ ಹೇಳು."

"ನಿನ್ನ ಮಗಗ ಹೇಳು, ನನಗ್ಯಾಕ ಹೇಳ್ತಿ?"

"ಅವ ಮೊದಲ ಊರ ಮಂದಿ ಮಾರಿ ನೋಡ್ತಾನ, ಆಮ್ಯಾಲ ನನ್ನ ಮಾರಿ."

"ನಾ ಹೇಳಿದ್ರ ಕೇಳ್ತಾರೇನು?"

"ಕೇಳೂದಿಲ್ಲ. ಆದ್ರ ನಿನಗ ನಾಚಿಕಿ ಇಲ್ಲ. ಅದಕ್ಕ ನಿನಗ ಹೇಳಿದೆ."

"ಸತ್ತಾಕಿಗೆ ಯಾವ ದಾರಿ ಆದ್ರೇನು?"

ಆಕೆ ಒಂದು ಹರಳು ಆರಿಸಿ ಬಿಸಾಡಿದಳು. "ಬಂದಾಗ ಬಗ್ಗಿ ಬಂದೇನಿ. ಹೋಗೂವಾಗ ಕುಂತು ಹೋಗತೇನಿ. ಬಗ್ಗೂದು ನನ್ನ ಕೈಲೆ ಆಗೂದಿಲ್ಲ."

ನಾನು ಮೊರ ಎತ್ತಿ ತೊಗರಿ ಕೇರಿದೆ. ಆದರೆ ಕೇಳಿದ್ದಳು. ನನ್ನ ಜೀವಮಾನದಲ್ಲಿ ಆಕೆ ನನ್ನನ್ನು ಏನನ್ನಾದರೂ ಕೇಳಿದ್ದು ಅದೊಂದೇ.

ಮುಂದೆ ಹುಡುಗಿಗೆ ಇಂಡಿ ಕಡೆಯ ಸಂಬಂಧ ಬಂತು. ನೀರಾವರಿ ಹೊಲ, ಲಿಂಬೆ ತೋಟ, ಹುಡುಗ ಒಳ್ಳೆಯವನು. ಬೀಗರು ಮನೆತನ ನೋಡುವವರು. ಉಡಿಕೆಯ ಹೊಟ್ಟೆಯವರು ಎಂದರೆ ಈಗಲೂ ಸಂಬಂಧ ಹಿಂದೆ ಸರಿಯುತ್ತವೆ, ಕಾಲ ಬದಲಾಗಿದೆ ಎಂದು ಪೇಪರಿನಲ್ಲಿ ಬರೆಯುವವರು ಒಮ್ಮೆ ಹೆಣ್ಣು ಕೊಡಲು ಬಂದು ನೋಡಲಿ. ಅಕ್ಕನ ಮಗ ಸುಳ್ಳು ಹೇಳಲಿಲ್ಲ. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಎಲ್ಲ ಕುದುರಿತು, ಬೇಸಗೆಗೆ ಲಗ್ನ ಎಂದಾಯಿತು. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಳು.

ಆಗ ಅವನಿಗೆ ದಿಗಿಲು ಬಿತ್ತು. ತಾಯಿ ಸಾಯುತ್ತಾಳೆ ಅಂತಲ್ಲ. ಊರಲ್ಲಿ ಸತ್ತರೆ ಬೀಗರು ಮಣ್ಣಿಗೆ ಬರುತ್ತಾರೆ. ಅಗಸಿಯ ಮಗ್ಗುಲಿನಿಂದ ಸುತ್ತಿ ಒಯ್ದರೆ, ಇದ್ಯಾಕೆ ಅನ್ನುತ್ತಾರೆ. ಅಗಸಿಯಿಂದ ಒಯ್ದರೆ ಹಿರಿಯರು ಅಡ್ಡ ನಿಂತು ಬೀಗರ ಮುಂದೆಯೇ ಬಾಯಿ ಬಿಡುತ್ತಾರೆ. ಎರಡೂ ಕಡೆ ಮುಳ್ಳು. ಅವನು ಮೂರನೆಯ ದಾರಿ ಹುಡುಕಿದ. ಹೊರಗೆ ಸತ್ತವರ ಹೆಣ ಒಳಗೆ ಬರುವಂತಿಲ್ಲ ಎಂಬ ನೇಮ ಇತ್ತಲ್ಲ. ತಾಯಿ ಊರ ಹೊರಗೆ ಸತ್ತರೆ ಯಾವ ಬಾಗಿಲಿನ ಮಾತೂ ಇಲ್ಲ. ಸೀದಾ ಹೊಲಕ್ಕೆ.

"ಮುದ್ದೇಬಿಹಾಳಕ್ಕ ಒಯ್ದು ದವಾಖಾನಿಗೆ ಹಾಕೂಣು, ಚಿಗವ್ವ. ನೀ ಸಂಗಾಟ ಇರು" ಎಂದ ನನಗೆ.

"ದವಾಖಾನಿಗೆ ಒಯ್ಯಾಕತ್ತೀಯೋ, ಸಾಯಾಕ ಒಯ್ಯಾಕತ್ತೀಯೋ?"

ಅವನು ನೆಲ ನೋಡಿದ. "ಹುಡುಗಿ ಲಗ್ನ ಐತಿ."

ಜೀಪಿನಲ್ಲಿ ಆಕೆಯನ್ನು ನನ್ನ ಹೆಗಲಿಗೆ ಒರಗಿಸಿ ಕೂಡಿಸಿದರು. ಅಗಸಿ ದಾಟುವಾಗ ಆಕೆ ಕಣ್ಣು ತೆರೆದು ಮೇಲೆ ನೋಡಿದಳು. "ಅಗಸ್ಯಾಗಿಂದ ಹೊಂಟಿ ನೋಡು, ಆಸೆ ತೀರಿತಲ್ಲ" ಎಂದೆ. "ಜೀವ ಇದ್ದಾಗ ಹಾಯೂದೇನು ದೊಡ್ಡದು, ಉಳ್ಳಾಗಡ್ಡಿ ತರಾಕೂ ಹಾಯತೇನಿ" ಎಂದಳು. ಉಸಿರಿಗೆ ಒದ್ದಾಡುತ್ತಿದ್ದಳು, ಮಾತಿಗೆ ಒದ್ದಾಡಲಿಲ್ಲ.

ದವಾಖಾನೆಯಲ್ಲಿ ಆಕೆ ಸಾಯಲಿಲ್ಲ. ಬಾಟಲಿ ಏರಿಸಿದರು, ಗಂಜಿ ಕುಡಿದಳು, ಮಗ್ಗುಲ ಮಂಚದವಳ ಕೂಡ ಜಗಳ ಮಾಡಿದಳು. ಡಾಕ್ಟರಬಾಯಿ ಬಂದು, "ವಯಸ್ಸಾಗ್ಯದ, ಬ್ಯಾರೆ ಏನಿಲ್ಲ, ಮನಿಗೆ ಕರಕೊಂಡು ಹೋಗ್ರಿ" ಎಂದಳು. ಅಕ್ಕನ ಮಗ ಕೈಮುಗಿದು ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದ. "ಇದೇನು ಧರ್ಮಸಾಲಿ ಅಲ್ಲರಿ. ತಾಯಿನ್ನ ಮನಿಗೆ ಒಯ್ಯಾಕ ಹಿಂಗ್ಯಾಕ ಅಂಜತೀರಿ?" ಎಂದು ಆಕೆ ಗದರಿಸಿದಳು. ಅವನು ಮನೆಗೆ ಒಯ್ಯಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಬಾಡಿಗೆಗೆ ಹಿಡಿದು ಇಬ್ಬರನ್ನೂ ಅಲ್ಲಿ ಹಾಕಿದ. ತಗಡಿನ ಚಾವಣಿ, ಬೇಸಗೆ. ಸಾಯುವವರಿಗೆ ಅಷ್ಟು ಸಾಕು ಎಂದುಕೊಂಡಿರಬೇಕು. ನಾನೂ ಅದೇ ತಗಡಿನ ಕೆಳಗೆ ಬೆಂದೆ, ನನ್ನ ಸರದಿ ಇನ್ನೂ ಬಂದಿರಲಿಲ್ಲ.

ಅಕ್ಕನಿಗೆ ಎಲ್ಲ ತಿಳಿದಿತ್ತು. "ಎಷ್ಟ ಶ್ಯಾಣ್ಯಾ ಇದ್ದಾನ ನೋಡು ನನ್ನ ಮಗ" ಎನ್ನುತ್ತಿದ್ದಳು. "ನನ್ನ ಹೊಟ್ಟ್ಯಾಗ ಹುಟ್ಟಿ ಹಿಂಗ ಆದಾ, ಆ ಮನಿಯವರ ಹಂಗ ಹುಂಬ ಆಗಲಿಲ್ಲ."

ಲಗ್ನ ಬಸವನ ಬಾಗೇವಾಡಿಯ ಮಂಗಲ ಕಾರ್ಯಾಲಯದಲ್ಲಿ. ಅದಕ್ಕೆ ಮುಂಚೆ ಹುಡುಗಿ ಅರಿಶಿನದ ಮೈಯಲ್ಲೇ ಒಂದು ಗಳಿಗೆ ಬಂದು ಹೋದಳು. ಆಕೆಯನ್ನು ಎತ್ತಿ ಆಡಿಸಿ, ಹೇನು ತೆಗೆದು, ಪರೀಕ್ಷೆಗೆ ಬೆಲ್ಲ ಕೊಟ್ಟು ಕಳಿಸಿದವಳು ಅಕ್ಕ. ಹುಡುಗಿ ಕಾಲು ಮುಟ್ಟಿ, "ಆಯಿ, ಲಗ್ನ ಮುಗಿಯೂ ತನಾ ಗಟ್ಟಿ ಇರು. ನಡುವ ಸೂತಕ ಬಂದ್ರ ಎಲ್ಲಾ ಕೆಡ್ತೈತಿ" ಎಂದಳು.

"ಆತು ತಾಯಿ, ತಡಕೋತೇನಿ" ಎಂದಳು ಅಕ್ಕ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ನನ್ನ ಬುದ್ಧಿನೇ ಬಂದೈತಿ ಕೂಸಿಗೆ" ಎಂದು ನಕ್ಕಳು. ಕೆಮ್ಮು ಬಂತು, ನಗು ಅಲ್ಲಿಗೇ ನಿಂತಿತು.

ಲಗ್ನ ಆಯಿತು. ನಾವಿಬ್ಬರೂ ಹೋಗಲಿಲ್ಲ, ಬುಂದೆ ಲಾಡು ಬಂತು. ಇನ್ನು ಊರಿಗೆ ಕರೆದುಕೊಂಡು ಹೋಗು ಎಂದು ಅಕ್ಕನ ಮಗನಿಗೆ ಹೇಳಿದೆ. ಬೀಗರು ಬರುವುದು ಹೋಗುವುದು ಇನ್ನೂ ಇದೆ, ಇನ್ನಷ್ಟು ದಿನ ನೋಡೋಣ ಎಂದ. ನೋಡುವುದು ಬೇಕಾಗಲಿಲ್ಲ. ಮುಂಗಾರಿ ಹೆಸರು ಬಿತ್ತುವ ಹೊತ್ತಿಗೆ ಒಂದು ಮುಂಜಾನೆ ನಾನು ಚಹಾ ಕಾಸಿ ತಿರುಗಿ ನೋಡಿದರೆ ಆಕೆ ಹೋಗಿದ್ದಳು. ಬಾಯಿ ತೆರೆದಿತ್ತು. ಮುಚ್ಚಿದೆ. ಚಹಾ ಕುಡಿದು ಆಮೇಲೆ ಅಕ್ಕನ ಮಗನಿಗೆ ಫೋನು ಹಚ್ಚಿದೆ. ಕಾಸಿದ್ದನ್ನು ಚೆಲ್ಲುವುದೇನು.

ಅವನು ಹೊಲದಲ್ಲಿ ಕುಣಿ ತೋಡಿಸಿ, ಬೀಗರಿಗೂ ಹಿರಿಯರಿಗೂ ತಿಳಿಸಿ, ಬೀಗರನ್ನು ಸೀದಾ ಹೊಲಕ್ಕೇ ಬರಲು ಹೇಳಿದ. ಹೊರಗೆ ಸತ್ತಾಳೆ, ಊರೊಳಗೆ ಒಯ್ಯುವಂತಿಲ್ಲ ಎಂದರೆ ಇಂಡಿ ಕಡೆಯವರೂ ಒಪ್ಪುತ್ತಾರೆ, ಅವರಲ್ಲೂ ಅದೇ ನೇಮ. ಎಲ್ಲ ಅವನು ಎಣಿಸಿದಂತೆಯೇ. ಹೆಣಕ್ಕೆ ಒಂದು ಆಂಬುಲೆನ್ಸ್ ಗೊತ್ತು ಮಾಡಿ ಕಳಿಸಿದ. ಹಿಂದೆ ಅಕ್ಕ, ಮುಂದೆ ಡ್ರೈವರನ ಮಗ್ಗುಲಲ್ಲಿ ನಾನು. ಡ್ರೈವರ ಮುದ್ದೇಬಿಹಾಳದವನು, ನಮ್ಮ ಊರು ನೋಡಿದವನಲ್ಲ.

ಊರಿಗೆ ಸ್ವಲ್ಪ ಮೊದಲು ದಾರಿ ಕವಲಾಗುತ್ತದೆ. ಎಡಕ್ಕೆ ಮಣ್ಣಿನ ದಾರಿ ನಮ್ಮ ಹೊಲಕ್ಕೆ, ಎದುರಿಗೆ ಡಾಂಬರು ಊರಿಗೆ. ಎಡಕ್ಕೆ ದೂರದಲ್ಲಿ ಬೇವಿನ ಗಿಡದ ಕೆಳಗೆ ಮಂದಿ ನಿಂತದ್ದು, ಬೀಗರ ಬಿಳಿ ಕಾರು ಕಾಣುತ್ತಿತ್ತು.

"ಯಾಕಡೆರಿ ಆಯಿ?" ಎಂದ ಡ್ರೈವರ.

"ಸೀದಾ ಹೋಗಪಾ" ಎಂದೆ.

ಮೊದಲೇ ಗಟ್ಟಿ ಮಾಡಿಕೊಂಡು ಬಂದಿದ್ದೆನೇ ಎಂದು ಆಮೇಲೆ ಬಹಳ ಮಂದಿ ಕೇಳಿದ್ದಾರೆ. ಖೋಲಿಯಲ್ಲಿ ಆಕೆಯ ಬಾಯಿ ಮುಚ್ಚುವಾಗಲೇ ಗಟ್ಟಿ ಮಾಡಿದ್ದೆ. ಹುಡುಗಿ ನೆನಪಾಗಲಿಲ್ಲವೇ ಎಂದೂ ಕೇಳಿದ್ದಾರೆ. ನೆನಪಾಗಿದ್ದಳು. ಬೇವಿನ ಗಿಡದ ಕೆಳಗೆ ಆಕೆಯ ಹಸಿರು ಸೀರೆ ನನಗೆ ಕಂಡಿತ್ತು.

ಗಾಡಿ ಅಗಸಿಯೊಳಗೆ ಹಾಯ್ದಿತು. ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ಹೊಲಕ್ಕೆ ಹೊರಡುವ ಮೊದಲು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗುಡಿಯ ಮುಂದೆ ಡ್ರೈವರ ಗಾಡಿ ನಿಲ್ಲಿಸಿದ. ಒಬ್ಬ ಹಿರಿಯ ಎದ್ದು ಬಂದು ಕಿಟಕಿಯಲ್ಲಿ ಮುಖ ಹಾಕಿದ.

"ಯಾರನ್ನ ತಂದೀಯವ್ವ?"

"ನಿಮಗ ಗೊತ್ತಿಲ್ಲೇನು? ಅಕ್ಕನ್ನ."

"ಹೆಣಾ ಒಳಗ ತಂದೀಯಲ್ಲ, ನಿನ್ನ ತಲಿ ನೆಟ್ಟಗೈತೇನು? ಅದೂ ಉಡಿಕ್ಯಾಕಿ ಹೆಣಾ."

"ದಾರಿ ತಪ್ಪಿತ್ರಿ. ಮುದುಕಿ ಆಗೇನಿ, ಕಣ್ಣು ಕಾಣವೊಲ್ವು."

"ಅಗಸಿ ಕಾಣಲಿಲ್ಲೇನು ನಿನಗ?"

"ಅಗಸಿ ಕಂಡಿತ್ರಿ. ಅದರ ಮಗ್ಗಲಕ ಗ್ವಾಡಿ ಇರಲಿಲ್ಲ, ಒಳಗ್ಯಾವುದು ಹೊರಗ್ಯಾವುದು ತಿಳೀಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಹಿರಿಯನ ಮುಖ ಕೆಂಪಾಯಿತು. ಡ್ರೈವರ ಹೆದರಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದ. "ತಿರುಗಿಸಪಾ, ಬಂದ ದಾರಿಲೇ ಹೋಗೂಣು" ಎಂದೆ. ತಿರುಗಿಸಿದ. ಮತ್ತೆ ಅಗಸಿಯ ಕೆಳಗೆ ಹಾಯ್ದೆವು, ಹೊರಕ್ಕೆ. ನಾನು ಹಿಂದೆ ತಿರುಗಿ ಅಕ್ಕನ ಮುಖ ನೋಡಿದೆ. ಹೆಣದ ಮುಖ. ಅದರಲ್ಲಿ ಸಂತೋಷ ಕಂಡಿತು ಎಂದು ಬರೆದರೆ ಓದುವವರಿಗೆ ಚೆಂದ, ಆದರೆ ಏನೂ ಕಾಣಲಿಲ್ಲ. ಒಂದು ನೊಣ ಕುಳಿತಿತ್ತು.

ಹಿರಿಯರು ಮೋಟಾರ್ ಸೈಕಲ್ ಹತ್ತಿ ನಮ್ಮ ಹಿಂದೆಯೇ ಹೊಲಕ್ಕೆ ಬಂದರು. ಕುಣಿಯ ದಂಡೆಯ ಮೇಲೆ, ಬೀಗರ ಮುಂದೆ, ಅಕ್ಕನ ಮಗನನ್ನು ಹಿಡಿದು ನಿಲ್ಲಿಸಿ ಕೇಳಿದರು. ನಿನ್ನ ತಾಯಿ ಉಡಿಕೆಯಾಗಿ ಬಂದವಳು ಎಂದು ನಿನಗೆ ಗೊತ್ತಿಲ್ಲವೇ, ದಿಡ್ಡಿಯಿಂದ ಬಂದವಳನ್ನು ಅಗಸಿಯಲ್ಲಿ ಹಾಯಿಸಿದ್ದೀರಿ, ಊರಿಗೆ ಕೇಡಾದರೆ ಯಾರು ಹೊಣೆ. ಬೀಗರ ಹಿರಿಯ ಹೆಂಗಸು, ಹುಡುಗಿಯ ಅತ್ತೆ, ಕೈಯಲ್ಲಿ ಹಿಡಿದಿದ್ದ ಹೂವನ್ನು ಹಾಗೇ ಹಿಡಿದುಕೊಂಡು ಹುಡುಗಿಯನ್ನು ನೋಡಿದಳು. ಬೈಯಲಿಲ್ಲ. ಹೂವನ್ನು ಕುಣಿಗೆ ಹಾಕಿದಳು, ಮಣ್ಣನ್ನೂ ಹಾಕಿದಳು, ನೇಮದಲ್ಲಿ ಏನೂ ಬಿಡಲಿಲ್ಲ. ಆಮೇಲೆ ನಮ್ಮವರು ಕೊಟ್ಟ ನೀರು ಮಾತ್ರ ಕುಡಿಯಲಿಲ್ಲ.

ಮರುದಿನ ಅಗಸಿಯನ್ನು ಟ್ಯಾಂಕರಿನ ನೀರಿನಲ್ಲಿ ತೊಳೆದರು. ಅಕ್ಕನ ಮಗನೇ ಟ್ಯಾಂಕರು ತಂದ, ತಾನೇ ಪೈಪು ಹಿಡಿದ. ತಾಯಿ ಹಾದ ಕಲ್ಲನ್ನು ತಿಕ್ಕಿ ತಿಕ್ಕಿ ತೊಳೆದ.

ನಾಗರ ಪಂಚಮಿಗೆ ಹುಡುಗಿಯನ್ನು ತವರಿಗೆ ಕಳಿಸಿದರು. ಅದು ಎಲ್ಲ ಕಡೆ ಇರುವ ರೂಢಿ. ಪಂಚಮಿ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಯಾರೂ ಬರಲಿಲ್ಲ. ಶ್ರಾವಣ ಹೋಯಿತು, ಗಣಪತಿ ಹೋಯಿತು. ಫೋನು ಹಚ್ಚಿದರೆ ಹೊಲದ ಕೆಲಸ ಎನ್ನುತ್ತಿದ್ದರು. ಹುಡುಗಿ ಅಕ್ಕ ಮಲಗುತ್ತಿದ್ದ ಜಾಗದಲ್ಲಿ, ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ಬೇರೆ ಕಡೆ ಜಾಗ ಇರಲಿಲ್ಲ. ನನಗೆ ರೊಟ್ಟಿ ನೀಡುತ್ತಿದ್ದಳು, ತಾಟನ್ನು ನೆಲಕ್ಕೆ ಇಡುವ ಸಪ್ಪಳದಲ್ಲಿ ಎಲ್ಲ ಹೇಳುತ್ತಿದ್ದಳು. ಒಂದು ದಿನ ಬಾಯಿ ಬಿಟ್ಟಳು.

"ಸತ್ತಾಕಿ ದಾರಿ ನೋಡಿದಿ ಸಣ್ಣಾಯಿ. ಇದ್ದಾಕಿ ದಾರಿ ನೋಡಲಿಲ್ಲ ನೀ."

"ಇದ್ದಾಕಿಗೆ ಕಾಲದಾವ. ತಾನೇ ನಡೀಬೇಕು."

"ಎಲ್ಲಿಗೆ ನಡೀಲಿ?"

"ಬಿ.ಎ. ಓದಿದಾಕಿ ನೀ, ನನಗ ಕೇಳ್ತಿ?" ಎಂದೆ. ಅವಳು ನನ್ನ ಮುಂದಿನ ತಾಟು ಎತ್ತಿಕೊಂಡು ಹೋದಳು, ನಾನು ಇನ್ನೂ ಉಣ್ಣುತ್ತಿದ್ದೆ.

ಸೀಗಿ ಹುಣ್ಣಿಮೆ ಆದ ಮೇಲೆ ಅವರು ಬಂದರು. ಅವಳ ಗಂಡ ಬಂದಿದ್ದ, ಅತ್ತೆ ಬಂದಿದ್ದಳು. ಕಟ್ಟಳೆ ಹೇಳಿದರು. ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ. ಇನ್ನು ಮುಂದೆ ಹಬ್ಬಕ್ಕೆ ಹುಣ್ಣಿಮೆಗೆ ತವರಿಗೆ ಕಳಿಸುವುದಿಲ್ಲ. ಇಲ್ಲಿಂದ ತಂದೆ ತಾಯಿ ಬಂದು ನೋಡಿ ಹೋಗಬಹುದು. ಅತ್ತೆ ನನ್ನ ಕಡೆ ಬೆರಳು ಮಾಡದೆ, ಗೋಡೆಯ ಕಡೆ ನೋಡುತ್ತ, "ಆ ಹಿರ್ಯಾಕಿ ಮಾತ್ರ ನಮ್ಮ ಅಂಗಳಕ್ಕ ಬರಬಾರದು" ಎಂದಳು. ಅಕ್ಕನ ಮಗ ಹೂಂ ಎಂದ. ಹುಡುಗಿಯೂ ಹೂಂ ಎಂದಳು, ಅವನಿಗಿಂತ ಮೊದಲೇ.

ನಾನು ಒಳಗೆ ಹೋಗಿ ದಾರಿಗೆ ಬುತ್ತಿ ಕಟ್ಟಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹುಡುಗಿಗೆ ಸೇರುವ ಬದನೆಕಾಯಿ. ಅವಳು ಎಲ್ಲರ ಕಾಲು ಮುಟ್ಟಿದಳು, ನನ್ನನ್ನು ಬಿಟ್ಟು. ಬುತ್ತಿಯನ್ನು ಅವಳ ಕೈಗೆ ಕೊಟ್ಟೆ, ಎಲ್ಲರ ಮುಂದೆ ತೆಗೆದುಕೊಂಡಳು. ಕಾರು ಹೋದ ಮೇಲೆ ನೋಡಿದರೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಗಂಟು ಹಾಗೇ ಇತ್ತು.

ಬದನೆಕಾಯಿಯನ್ನು ಅಂದು ಸಂಜೆಯೇ ತಿಂದೆ, ಅದು ಉಳಿಯುವುದಿಲ್ಲ. ಸಜ್ಜೆ ರೊಟ್ಟಿ ಕೆಡುವುದಿಲ್ಲ. ಒಂದು ವಾರ ಅದನ್ನೇ ತಿಂದೆ.